ಏಳು ಹೆಸರಿನ ನದಿ, ಮಾಯವಾಗುವ ಸರೋವರ

ನಕ್ಷೆಯಲ್ಲಿ ನೀಲಿ. ಫೋನಿನ ಪರದೆಯಲ್ಲೂ ನೀಲಿ. ನಾವು ನಿಂತ ಜಾಗವನ್ನು ತೋರಿಸುವ ಪುಟ್ಟ ಚುಕ್ಕೆ ಆ ನೀಲಿಯ ನಟ್ಟನಡುವೆ ತೇಲುತ್ತಿದೆ. ಆದರೆ ಕಾಲ ಕೆಳಗೆ ಹನಿ ನೀರಿಲ್ಲ! ಕಣ್ಣು ಹಾಯಿಸಿದಷ್ಟು ದೂರ ಹುಲ್ಲು. ಒಂದು ಟ್ರ್ಯಾಕ್ಟರು ಗಡಗಡ ಎನ್ನುತ್ತ ಒಣಹುಲ್ಲನ್ನು ಸುರುಳಿ ಸುತ್ತುತ್ತಿದೆ.

“ಏ, ದಾರಿ ಗೀರಿ ತಪ್ಪಿದ್ಯೇನೇ? ಸರೋವರ ಅಂದ್ಯಲ್ಲ, ಎಲ್ಲಿದೆ?” ಅಮ್ಮ ಕಾರಿನಿಂದ ಇಳಿದು ಸೆರಗು ಸರಿಮಾಡಿಕೊಳ್ಳುತ್ತ ಕೇಳಿದರು.

“ಸರೋವರದೊಳಗೇ ನಿಂತಿದೀವಿ ಅಮ್ಮ.”

ತಮಾಷೆಗೆ ಹೇಳಿದ್ದಲ್ಲ. ಸ್ಲೊವೇನಿಯಾದ ತ್ಸೆರ್ಕ್ನಿತ್ಸಾ ಸರೋವರ ತುಂಬಿದಾಗ 26 ಚದರ ಕಿಲೋಮೀಟರಿಗೂ ಮೀರಿ ಹರಡುತ್ತದೆ, ದೇಶದಲ್ಲೇ ಅತಿ ದೊಡ್ಡ ಸರೋವರವಾಗುತ್ತದೆ. ಮಳೆ ಕಡಿಮೆಯಾದಾಗ ಸ್ನಾನದ ತೊಟ್ಟಿಯ ಬಿರಟೆ ಕಿತ್ತ ಹಾಗೆ ತಳದ ತೂತುಗಳಲ್ಲಿ ಇಳಿದು ಮಾಯವಾಗುತ್ತದೆ. ಮತ್ತೆ ಮಳೆ ಹಿಡಿದರೆ ಕೆಲವೇ ದಿನಗಳಲ್ಲಿ ಅದೇ ತೂತುಗಳಿಂದ ಉಕ್ಕಿ ಮೇಲೆ ಬರುತ್ತದೆ. ಒಂದೇ ನೆಲದ ಮೇಲೆ ಊರಿನವರು ವರ್ಷದ ಒಂದು ಹೊತ್ತಿನಲ್ಲಿ ಮೀನು ಹಿಡಿಯುತ್ತಾರೆ, ಇನ್ನೊಂದು ಹೊತ್ತಿನಲ್ಲಿ ಹುಲ್ಲು ಕೊಯ್ಯುತ್ತಾರೆ, ಚಳಿ ಬಿಗಿದರೆ ಹಿಮಗಟ್ಟಿದ ಮೈಮೇಲೆ ಜಾರಾಟ ಆಡುತ್ತಾರೆ! ಆಚೆ ದಿಬ್ಬದ ಮೇಲಿನ ಹಳ್ಳಿಯ ಹೆಸರು ಓತೊಕ್. ಹಾಗೆಂದರೆ ದ್ವೀಪ. ನೀರು ಬಂದಾಗ ಅದು ನಿಜಕ್ಕೂ ದ್ವೀಪವೇ.

ಯುರೋಪಿನ ನಕ್ಷೆಯಲ್ಲಿ ಇಟಲಿ, ಆಸ್ಟ್ರಿಯಾ, ಹಂಗೆರಿ, ಕ್ರೊಯೇಷಿಯಾಗಳ ನಡುವೆ ಸಿಕ್ಕಿಕೊಂಡ ಪುಟಾಣಿ ದೇಶ ಸ್ಲೊವೇನಿಯಾ. ವಿಸ್ತೀರ್ಣ ಸುಮಾರು 20,000 ಚದರ ಕಿಲೋಮೀಟರು, ಜನ 21 ಲಕ್ಷದ ಆಸುಪಾಸು. 1991ರ ಜೂನ್ 25ರಂದು ಯುಗೊಸ್ಲಾವಿಯಾದಿಂದ ಬಿಡಿಸಿಕೊಂಡು ಸ್ವತಂತ್ರವಾಯಿತು. ಇಷ್ಟು ಸಣ್ಣ ಜಾಗದಲ್ಲಿ ಆಲ್ಪ್ಸ್ ಪರ್ವತವೂ ಇದೆ, ಆಡ್ರಿಯಾಟಿಕ್ ಕಡಲೂ ಇದೆ, ದ್ರಾಕ್ಷಿತೋಟದ ಗುಡ್ಡಗಳೂ ಇವೆ, ಕರಡಿಗಳು ಓಡಾಡುವ ಕಾಡೂ ಇದೆ. ನೆಲದ ಅರ್ಧಕ್ಕಿಂತ ಹೆಚ್ಚು ಪಾಲು ಕಾಡೇ! ಎಂಟು ದಿನದ ರಜೆಯಲ್ಲಿ ಇದನ್ನೆಲ್ಲ ನೋಡುವುದು ಹೇಗೆ? ನಾವು ಹಿಡಿದ ಉಪಾಯ ಒಂದೇ: ನೀರಿನ ಹಿಂದೆ ಹೋಗುವುದು. ಅದು ಮುಳುಗಿದ ಕಡೆ ನಿಂತು, ಎದ್ದ ಕಡೆ ಹೋಗಿ ನೋಡುವುದು.

ಡ್ರ್ಯಾಗನ್‌ಗಳ ಊರು

ಶುರುವಾಗಿದ್ದು ರಾಜಧಾನಿ ಲ್ಯುಬ್ಲಿಯಾನಾದಲ್ಲಿ, ಸೆಪ್ಟೆಂಬರಿನ ಒಂದು ಶುಕ್ರವಾರ. ಊರ ನಡುವಿನಲ್ಲಿ ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ. ಹಾರನ್ನಿನ ಸದ್ದೇ ಇಲ್ಲದ ರಾಜಧಾನಿಯನ್ನು ನೀವು ನೋಡಿದ್ದೀರಾ? ನಡೆಯಲಾಗದವರನ್ನು ಕೂರಿಸಿಕೊಂಡು ಹೋಗಲು ಪುಟ್ಟ ಹಸಿರು ವಿದ್ಯುತ್ ಗಾಡಿಗಳಿವೆ, ಅದೂ ಉಚಿತ! ಹೆಸರು ‘ಕವಲಿರ್’. ಅಮ್ಮ ಗತ್ತಿನಿಂದ ಹತ್ತಿ ಕೂತರು.

ನದಿಯ ಮೇಲೆ 1901ರ ಸೇತುವೆ, ಅದರ ನಾಲ್ಕು ಮೂಲೆಗೂ ಬಾಯಿ ತೆರೆದ ಹಸಿರು ಡ್ರ್ಯಾಗನ್. ಗ್ರೀಕ್ ಕಥೆಯ ವೀರ ಜೇಸನ್, ಚಿನ್ನದ ತುಪ್ಪಟ ಕದ್ದು ಹಡಗಿನಲ್ಲಿ ಡ್ಯಾನ್ಯೂಬ್, ಸಾವಾ ನದಿಗಳ ಗುಂಟ ಇಲ್ಲಿಗೆ ಬಂದು ಡ್ರ್ಯಾಗನ್ನನ್ನು ಕೊಂದನೆಂದು ಐತಿಹ್ಯ. ಅಲ್ಲಿಂದ ನಾಲ್ಕು ಹೆಜ್ಜೆ ಹೋದರೆ ತ್ರಿವಳಿ ಸೇತುವೆ. ಹಳೆಯ ಕಲ್ಲುಸೇತುವೆ ಇಕ್ಕಟ್ಟಾಯಿತೆಂದು ಕೆಡವಲಿಲ್ಲ. ವಾಸ್ತುಶಿಲ್ಪಿ ಯೋಜೆ ಪ್ಲೆಚ್ನಿಕ್ ಅದರ ಎರಡೂ ಮಗ್ಗುಲಿಗೆ, ನಡೆಯುವವರಿಗೆಂದೇ, ಒಂದೊಂದು ಸೇತುವೆ ಜೋಡಿಸಿದರು. 1932ರ ಹೊತ್ತಿಗೆ ಮುಗಿದ ಆ ಕೆಲಸ, ಬೀಸಣಿಗೆ ಬಿಚ್ಚಿದ ಹಾಗೆ ಊರನ್ನು ಹೊಳೆಗೆ ತೆರೆದಿಟ್ಟಿದೆ. ಮಾರುಕಟ್ಟೆಯ ಕಂಬಸಾಲು, ಹೊಳೆದಂಡೆ, ರಾಷ್ಟ್ರೀಯ ಗ್ರಂಥಾಲಯ ಎಲ್ಲವೂ ಅವರ ಕೈಯವೇ. ಗ್ರಂಥಾಲಯದಲ್ಲಂತೂ ಮಬ್ಬುಗತ್ತಲ ಮೆಟ್ಟಿಲು ಹತ್ತಿ, 32 ಕಪ್ಪು ಕಂಬಗಳ ನಡುವೆ ಸಾಗಿ, ಬೆಳಕು ತುಂಬಿದ ಓದುಕೋಣೆಗೆ ಬಂದು ಸೇರುತ್ತೀರಿ! ಅಕ್ಷರ ಕಲಿಯುವುದೆಂದರೆ ಏನೆಂದು ಕಟ್ಟಡವೇ ಹೇಳಿಬಿಡುತ್ತದೆ. 2021ರಲ್ಲಿ ಈ ಊರಿನ ಪ್ಲೆಚ್ನಿಕ್ ಕೃತಿಗಳು ಯುನೆಸ್ಕೊ ಪಟ್ಟಿ ಸೇರಿದವು.

ನಗರ ವಸ್ತುಸಂಗ್ರಹಾಲಯದಲ್ಲಿ ನನ್ನ ಉಸಿರು ನಿಂತಿತು. ಗಾಜಿನೊಳಗೆ ಒಂದು ಮರದ ಚಕ್ರ, ಪಕ್ಕದಲ್ಲಿ ಅದರ ಅಚ್ಚು. ಐದು ಸಾವಿರ ವರ್ಷಕ್ಕೂ ಹಳೆಯದು! ಅಚ್ಚಿನ ಸಮೇತ ಸಿಕ್ಕಿರುವ ಮರದ ಚಕ್ರಗಳಲ್ಲಿ ಜಗತ್ತಿನಲ್ಲೇ ಪುರಾತನ. 2002ರಲ್ಲಿ ಊರ ಪಕ್ಕದ ಜೌಗಿನಲ್ಲಿ ಸಿಕ್ಕಿತು. ಕೊಳೆಯದೆ ಉಳಿದದ್ದು ಹೇಗೆ? ನೀರೂರಿದ ಕೆಸರು ಗಾಳಿಯನ್ನು ಒಳಬಿಡದೆ ಅದನ್ನು ಅಷ್ಟು ಕಾಲ ತಬ್ಬಿ ಕಾಪಾಡಿತ್ತು.

ಆ ಸಂಜೆ ಹೊಳೆದಂಡೆಯ ಕಾಫಿ ಅಂಗಡಿಯಲ್ಲಿ ಕೂತಾಗ ಇನ್ನೊಂದು ಬೆರಗು ಕಾದಿತ್ತು. ನಮ್ಮ ಬಿಲ್ಲು ತಂದ ಹುಡುಗಿ, ನಮ್ಮ ಭಾಷೆಯ ಒಂದು ಮಾತು ಕಲಿತುಕೊಳ್ಳಿ ಎಂದು ನಗುತ್ತ ಹೇಳಿದಳು: ‘ನಾವು’ ಎನ್ನಲು ‘ಮಿ’, ಆದರೆ ‘ನಾವಿಬ್ಬರು’ ಎನ್ನಲು ಬೇರೆಯೇ ಪದ. ಇಬ್ಬರು ಗಂಡಸರಾದರೆ ‘ಮಿದ್ವಾ’, ಇಬ್ಬರು ಹೆಂಗಸರಾದರೆ ‘ಮಿದ್ವೆ’. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಸಂಸ್ಕೃತ ಕಲಿಸಿದ ಅಮ್ಮ ಲೋಟವನ್ನು ಟಪ್ಪನೆ ಕೆಳಗಿಟ್ಟರು. “ದ್ವಿವಚನ! ಅಯ್ಯೋ, ಇದು ದ್ವಿವಚನ ಕಣೇ! ದ್ವೌ ಪುಲ್ಲಿಂಗ, ದ್ವೇ ಸ್ತ್ರೀಲಿಂಗ. ನಮ್ಮ ಮಕ್ಕಳು ಇದೊಂದನ್ನ ಕಲಿಯೋಕೆ ಅಳ್ತಿದ್ರು, ಇಲ್ಲಿ ಕಾಫಿ ಅಂಗಡೀಲಿ ಆಡ್ತಾರಲ್ಲೇ!” ಯುರೋಪಿನ ಬಹುಪಾಲು ಭಾಷೆಗಳು ಎಂದೋ ಕಳೆದುಕೊಂಡ ದ್ವಿವಚನವನ್ನು ಸ್ಲೊವೇನಿಯನ್ ಭಾಷೆ ಇಂದಿಗೂ ದಿನಬಳಕೆಯಲ್ಲಿ ಇಟ್ಟುಕೊಂಡಿದೆ.

ನಮ್ಮೆದುರು ಸದ್ದಿಲ್ಲದೆ ಹರಿಯುತ್ತಿದ್ದ ನದಿ ಲ್ಯುಬ್ಲಿಯಾನಿತ್ಸಾ. ಇದಕ್ಕೆ ಏಳು ಹೆಸರು. ಹುಟ್ಟಿದಂದಿನಿಂದ ಮುಳುಗಿ ಮುಳುಗಿ ಏಳುತ್ತ ಬರುವ ನೀರಿದು. ನೆಲದಡಿಗೆ ಹೋಗುವಾಗ ಒಂದು ಹೆಸರು, ಮೇಲೆದ್ದಾಗ ಇನ್ನೊಂದು. ತ್ರ್ಬುಹೋವಿತ್ಸಾ, ಓಬರ್ಹ್, ಸ್ತರ್ಜೆನ್, ರಾಕ್, ಪಿವ್ಕಾ, ಊನಿತ್ಸಾ, ಕೊನೆಗೆ ಲ್ಯುಬ್ಲಿಯಾನಿತ್ಸಾ! ನಾಲ್ಕು ದಿನ ಬಿಟ್ಟು ನಾವು ನಿಂತ ಆ ಮಾಯದ ಸರೋವರದ ನೀರೂ ಇದರೊಳಗೇ ಇತ್ತು. ಅದು ಆ ಸಂಜೆ ನಮಗೆ ಗೊತ್ತಿರಲಿಲ್ಲ.

ಗಂಟೆ ನುಂಗಿದ ಬ್ಲೆಡ್

ರಾಜಧಾನಿಯಿಂದ ಸುಮಾರು ಒಂದು ತಾಸು. ಬ್ಲೆಡ್ ಸರೋವರದ ಚಿತ್ರವನ್ನು ಕ್ಯಾಲೆಂಡರಿನಲ್ಲಿ ಎಲ್ಲೋ ನೋಡಿಯೇ ಇರುತ್ತೀರಿ. ಹಸಿರು ನೀರು, ನಡುವೆ ದ್ವೀಪ, ದ್ವೀಪದ ಮೇಲೆ ಚರ್ಚು, ದಂಡೆಯ ಕಡಿದಾದ ಬಂಡೆಯ ಮೇಲೆ ಕೋಟೆ, ಹಿಂದೆ ಆಲ್ಪ್ಸ್. ಚಿತ್ರದಲ್ಲಿ ಕೇಳಿಸದ್ದು ಒಂದಿದೆ: ಆ ನಿಶ್ಶಬ್ದ! ಮೋಟಾರು ದೋಣಿ ಇಲ್ಲ. ಅಂಬಿಗ ನಿಂತೇ ಎರಡು ಹುಟ್ಟು ಹಾಕುವ ‘ಪ್ಲೆತ್ನಾ’ ಎಂಬ ಚಪ್ಪಟೆ ತಳದ ದೋಣಿಯಲ್ಲಿ ಹೋಗಬೇಕು. ಈ ಕಸುಬು ಕೆಲವೇ ಮನೆತನಗಳಲ್ಲಿ ಅಪ್ಪನಿಂದ ಮಗನಿಗೆ ಬಂದದ್ದು.

ದ್ವೀಪದಲ್ಲಿ 99 ಮೆಟ್ಟಿಲು. ಮದುವೆಗೆ ಬಂದ ವರ ವಧುವನ್ನು ಎತ್ತಿಕೊಂಡೇ ಇಷ್ಟನ್ನೂ ಹತ್ತಬೇಕಂತೆ, ವಧು ತುಟಿ ಪಿಟಕ್ಕೆನ್ನಬಾರದಂತೆ! ಮೇಲಿನ ಚರ್ಚಿನಲ್ಲಿ ಬಯಕೆಯ ಗಂಟೆ. ಕೋಟೆಯಲ್ಲಿದ್ದ ವಿಧವೆಯೊಬ್ಬಳು ಕೊಲೆಯಾದ ಗಂಡನ ನೆನಪಿಗೆ ಗಂಟೆ ಎರಕ ಹೊಯ್ಯಿಸಿ ಕಳಿಸಿದಳು; ಬಿರುಗಾಳಿಗೆ ದೋಣಿ ಮಗುಚಿ ಗಂಟೆ ನೀರಿನ ಪಾಲಾಯಿತು; ಅವಳು ಎಲ್ಲ ಮಾರಿ ರೋಮಿಗೆ ಹೋಗಿ ಸನ್ಯಾಸಿನಿಯಾದಳು; ಅವಳು ತೀರಿಕೊಂಡ ಮೇಲೆ ಪೋಪ್ ಹೊಸ ಗಂಟೆ ಕಳಿಸಿದರು ಎಂದು ಕಥೆ. ಈಗಿನ ಗಂಟೆ 1534ರದು. ಹಳೆಯದು ಇನ್ನೂ ತಳದಲ್ಲಿ ಮೊಳಗುತ್ತದೆಂದು ನಂಬುವವರಿದ್ದಾರೆ. ಅಮ್ಮ ಹಗ್ಗ ಜಗ್ಗಿದರು. ಏನು ಬೇಡಿಕೊಂಡರೋ, ಹೇಳಲಿಲ್ಲ.

ಬ್ಲೆಡ್ಡಿನ ಹೆಸರಾಂತ ಕ್ರೀಮು ಕೇಕು 1953ರಿಂದ ಇಲ್ಲಿನ ಒಂದು ಹೋಟೆಲಿನ ಹೆಮ್ಮೆ. ಏಳು ಸೆಂಟಿಮೀಟರಿನ ಚೌಕ, ಮುಟ್ಟಿದರೆ ನಡುಗುವಷ್ಟು ಮೃದು! ಮೊಟ್ಟೆ ಇದೆ ಎಂದು ತಿಳಿದು ಅಮ್ಮ ತಟ್ಟೆಯನ್ನು ನನ್ನ ಕಡೆ ತಳ್ಳಿದರು. ಅವರ ಸಂಭ್ರಮ ಮರುದಿನಕ್ಕೆ ಕಾದಿತ್ತು. ಬೋಹಿನ್ ಸರೋವರದ ಬಳಿಯ ಊಟದ ಮನೆಯಲ್ಲಿ ‘ಜ್ಗಾಂತ್ಸಿ’ ಬಂತು. ಕುದಿಯುವ ಉಪ್ಪುನೀರಿಗೆ ಬಕ್‌ವೀಟ್ ಎಂಬ ಕಪ್ಪು ಧಾನ್ಯದ ಹಿಟ್ಟು ಸುರಿದು, ನಡುವೆ ಕೋಲಿನಿಂದ ತೂತು ಮಾಡಿ ಬೇಯಿಸಿ, ಆಮೇಲೆ ಪುಡಿಪುಡಿಯಾಗಿ ಒಡೆದು ಬಡಿಸುವ ರೈತರ ಊಟ. ಮೇಲೆ ಹಂದಿಯ ಕೊಬ್ಬು ಹಾಕುವುದು ರೂಢಿ, ಬೇಡ ಎಂದು ಮೊದಲೇ ಹೇಳಿದರೆ ಹುಳಿ ಹಾಲಿನ ಜೊತೆ ಕೊಡುತ್ತಾರೆ. “ಮುದ್ದೆ ಕಟ್ಟೋದೊಂದು ಮರೆತಿದಾರೆ ನೋಡು!” ಎನ್ನುತ್ತ ಅಮ್ಮ ಎರಡನೇ ಸಲ ಬಡಿಸಿಕೊಂಡರು.

ಪಚ್ಚೆ ಕರಗಿದ ಹೊಳೆ

ಬೋಹಿನ್ನಿನ ತುದಿಯಲ್ಲಿ, ಐನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿದ ಮೇಲೆ, ಸವಿತ್ಸಾ ಜಲಪಾತ. 78 ಮೀಟರು ಎತ್ತರ. ಎತ್ತರದಲ್ಲೇನು ಮಹಾ ಎನ್ನಬೇಡಿ. ಈ ನೀರು ಬೆಟ್ಟದ ನೆತ್ತಿಯಿಂದ ಬೀಳುವುದಿಲ್ಲ, ಬಂಡೆಗೋಡೆಯ ನಡುಹೊಟ್ಟೆಯಿಂದ ಚಿಮ್ಮುತ್ತದೆ! ಮೇಲಿನ ತ್ರಿಗ್ಲಾವ್ ಸರೋವರಗಳ ಕಣಿವೆಯಲ್ಲಿ ನೆಲಕ್ಕಿಳಿದ ನೀರು ಬೆಟ್ಟದೊಳಗೇ ದಾರಿ ಮಾಡಿಕೊಂಡು ಇಲ್ಲಿ ಹೊರಬೀಳುತ್ತದೆ. ತ್ರಿಗ್ಲಾವ್ ದೇಶದ ಅತಿ ಎತ್ತರದ ಶಿಖರ, 2,864 ಮೀಟರು. ಹೆಸರಿನ ಅರ್ಥ ‘ಮೂರು ತಲೆಯದು’. “ತ್ರಿಶಿರ” ಎಂದು ಅಮ್ಮ ಕೂಡಲೇ ಅನುವಾದಿಸಿಬಿಟ್ಟರು. ಬಾವುಟದ ಮೇಲೂ ಅದೇ ಬೆಟ್ಟ. ಜನ್ಮದಲ್ಲಿ ಒಮ್ಮೆಯಾದರೂ ಅದನ್ನು ಹತ್ತಬೇಕೆಂಬುದು ಇಲ್ಲಿನವರ ಪಾಲಿಗೆ ಹರಕೆಯಂತೆ.

ಬೆಟ್ಟಸಾಲನ್ನು ದಾಟಿಸುವ ವರ್ಶಿಚ್ ಕಣಿವೆದಾರಿಗೆ 50 ಹೇರ್‌ಪಿನ್ ತಿರುವು. ಪ್ರತಿ ತಿರುವಿಗೂ ನಂಬರಿನ ಫಲಕ! ಎಣಿಸುತ್ತ ಎಣಿಸುತ್ತ 1,611 ಮೀಟರಿಗೇರುತ್ತೀರಿ. ಆದರೆ ನಡುವೆ ಎಣಿಕೆ ತಪ್ಪುತ್ತದೆ. ಕಾಡಿನಂಚಿನಲ್ಲಿ ಮರದ ಪುಟ್ಟ ರಷ್ಯನ್ ಪ್ರಾರ್ಥನಾ ಮಂದಿರ. ಮೊದಲ ಮಹಾಯುದ್ಧದಲ್ಲಿ ಈ ರಸ್ತೆ ಕಡಿದವರು ರಷ್ಯನ್ ಯುದ್ಧಕೈದಿಗಳು. 1916ರ ಮಾರ್ಚಿನಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಅವರ ಪೈಕಿ ನೂರಾರು ಮಂದಿ ಸತ್ತರು. ಉಳಿದವರು ಸತ್ತ ಗೆಳೆಯರಿಗಾಗಿ ಇದನ್ನು ಕಟ್ಟಿದರು.

ಆಚೆ ಇಳಿದರೆ ಸೋಚಾ ನದಿ! ಆ ಬಣ್ಣಕ್ಕೆ ಹೆಸರು ಎಲ್ಲಿಂದ ತರಲಿ? ಪಚ್ಚೆ ಎಂದರೆ ಸಾಲದು, ನವಿಲ ಕತ್ತು ಎಂದರೆ ಹತ್ತಿರ ಬರುತ್ತದೆ. ಬಂಡೆಯ ಗುಹೆಯೊಳಗಿಂದ ಹುಟ್ಟಿ, ಸುಣ್ಣಕಲ್ಲಿನ ಬಿಳಿ ತಳದ ಮೇಲೆ ಹರಿಯುವುದರಿಂದ ಬೆಳಕು ಹಾಗೆ ಹೊಳೆಯುತ್ತದೆ. ಬೊವೆಟ್ಸ್ ಊರಿನ ಬಳಿ ಹುಡುಗರು ರಬ್ಬರ್ ದೋಣಿಗಳಲ್ಲಿ ಕೂಗುತ್ತ ಇಳಿಯುತ್ತಾರೆ. ಆಳದಲ್ಲಿ ಮೈಯೆಲ್ಲ ಅಮೃತಶಿಲೆಯ ಗೀರುಗಳಿರುವ ಟ್ರೌಟ್ ಮೀನು ಹಾಯುತ್ತದೆ.

ಇದೇ ಹೊಳೆಯ ದಂಡೆಯಲ್ಲಿ 1915ರಿಂದ 1917ರವರೆಗೆ ಇಟಲಿಗೂ ಆಸ್ಟ್ರಿಯಾ-ಹಂಗೆರಿಗೂ ಹನ್ನೆರಡು ಕದನ ನಡೆದವು. ಕೊಬರೀದ್ ಊರಿನ ವಸ್ತುಸಂಗ್ರಹಾಲಯದಲ್ಲಿ ಸೈನಿಕರ ಫೋಟೊಗಳ ಎದುರು ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ. ಹೆಮಿಂಗ್ವೇ ತಮ್ಮ ‘ಎ ಫೇರ್‌ವೆಲ್ ಟು ಆರ್ಮ್ಸ್’ ಕಾದಂಬರಿಯಲ್ಲಿ ಬರೆದದ್ದು ಇಲ್ಲಿಂದ ಇಟಲಿಯ ಸೇನೆ ಹಿಂದೆ ಸರಿದ ಕಥೆಯನ್ನೇ. ಅದನ್ನು ಅವರು ಕಣ್ಣಾರೆ ಕಂಡಿರಲಿಲ್ಲ, ಇಟಲಿಗೆ ಬಂದದ್ದು ಮರುವರ್ಷ. ಹೊರಗೆ ಬಂದು ಮತ್ತೆ ಸೋಚಾವನ್ನು ನೋಡಿದೆವು. ಇಷ್ಟು ತಿಳಿನೀರು ಅಷ್ಟನ್ನೂ ಎಲ್ಲಿ ಅಡಗಿಸಿಕೊಂಡಿತೋ!

ನೆಲದ ಹೊಟ್ಟೆಯೊಳಗೆ

ಇನ್ನು ಮುಂದಿನದು ಕ್ರಾಸ್ ಸೀಮೆ. ಪ್ರಪಂಚದ ಭೂಗೋಳ ಪುಸ್ತಕಗಳಲ್ಲೆಲ್ಲ ಬರುವ ‘ಕಾರ್ಸ್ಟ್’ ಎಂಬ ಮಾತು ಹುಟ್ಟಿದ್ದು ಈ ಪ್ರಸ್ಥಭೂಮಿಯ ಹೆಸರಿನಿಂದ. ಮಳೆನೀರು ಗಾಳಿಯಿಂದ, ಮಣ್ಣಿನಿಂದ ಇಂಗಾಲದ ಡೈಆಕ್ಸೈಡನ್ನು ಹೀರಿ ತುಸು ಹುಳಿಯಾಗುತ್ತದೆ. ಆ ಹುಳಿ ಸುಣ್ಣಕಲ್ಲನ್ನು ಹನಿಹನಿಯಾಗಿ ಕರಗಿಸುತ್ತದೆ. ಬಿರುಕು ಬಿಲವಾಗುತ್ತದೆ, ಬಿಲ ಗುಹೆಯಾಗುತ್ತದೆ, ಒಂದು ದಿನ ಇಡೀ ನದಿಯೇ ಅದರೊಳಗೆ ಇಳಿದುಬಿಡುತ್ತದೆ.

ಪೋಸ್ತೊಯ್ನಾ ಗುಹೆಯ ಬಾಯಲ್ಲಿ ಪಿವ್ಕಾ ನದಿ ಹಾಗೆ ಇಳಿಯುವುದನ್ನು ನೋಡಿದೆವು. ಲ್ಯುಬ್ಲಿಯಾನಾದ ಏಳು ಹೆಸರಿನ ಪಟ್ಟಿಯಲ್ಲಿದ್ದ ಪಿವ್ಕಾ ಇದೇ! ಗುಹೆಯ ಉದ್ದ 24 ಕಿಲೋಮೀಟರು, ಒಳಗೆ ಹೋಗಲು ರೈಲು. ಹೌದು, ಗುಹೆಯೊಳಗೆ ರೈಲು, ಅದೂ 1872ರಿಂದ! ಆಗ ಗಾಡಿಗಳನ್ನು ಕೈಯಲ್ಲೇ ತಳ್ಳುತ್ತಿದ್ದರು. 1884ರಲ್ಲಿ ವಿದ್ಯುದ್ದೀಪ ಬಂತು. ಈಗಿನ ರೈಲು ತಲೆ ತಗ್ಗಿಸುವಷ್ಟು ತಗ್ಗಿನ ಕಮಾನುಗಳಡಿ ಬುರ್ರೆಂದು ನುಗ್ಗುತ್ತದೆ. ಹೊರಗೆ ಬಿಸಿಲು, ಒಳಗೆ ವರ್ಷವಿಡೀ ಸುಮಾರು 10 ಡಿಗ್ರಿ. ಅಮ್ಮ ಸೀರೆಯ ಮೇಲೆ ನನ್ನ ಜಾಕೆಟ್ಟು, ಅದರ ಮೇಲೆ ಶಾಲು ಹೊದ್ದರು.

ಇಳಿದು ನಡೆದರೆ ಮಾತು ನಿಲ್ಲುತ್ತದೆ. ಚಾವಣಿಯಿಂದ ಇಳಿಬಿದ್ದ ಕಲ್ಲಿನ ಪರದೆಗಳು ದೀಪ ಹಿಡಿದರೆ ಹಪ್ಪಳದ ಹಾಗೆ ಪಾರದರ್ಶಕ! ಹಾಲಿನಷ್ಟು ಬಿಳಿಯ, ಐದು ಮೀಟರ್ ಎತ್ತರದ ‘ಬ್ರಿಲಿಯಂಟ್’ ಎಂಬ ಕಂಬ. ಹತ್ತು ಸಾವಿರ ಜನ ಹಿಡಿಸುವ ಸಂಗೀತ ಕಛೇರಿಯ ಸಭಾಂಗಣ. ಅಲ್ಲೊಂದು ಸೇತುವೆ, ಅದರ ಹೆಸರೂ ರಷ್ಯನ್ ಸೇತುವೆ. ಬೆಟ್ಟದ ಮೇಲೆ ರಸ್ತೆ ಕಡಿದಂಥ ಕೈದಿಗಳೇ ನೆಲದಡಿಯಲ್ಲಿ ಇದನ್ನೂ ಕಟ್ಟಿದ್ದರು.

ಮಂದ ಬೆಳಕಿನ ತೊಟ್ಟಿಯಲ್ಲಿ ಅಂಗೈಗಿಂತ ಕೊಂಚ ಉದ್ದದ, ಮನುಷ್ಯನ ಚರ್ಮದಂಥ ನಸುಗೆಂಪು ಜೀವಿಯೊಂದು ಅಲ್ಲಾಡದೆ ಮಲಗಿತ್ತು. ಓಲ್ಮ್! ಊರವರು ‘ಮಾನವ ಮೀನು’ ಎನ್ನುತ್ತಾರೆ. ಕಣ್ಣು ಕಾಣದು. ವರ್ಷಗಟ್ಟಲೆ ಉಪವಾಸವಿದ್ದರೂ ಬದುಕುತ್ತದೆ, ನೂರು ವರ್ಷದವರೆಗೂ ಬಾಳಬಲ್ಲದು. ಪ್ರವಾಹ ಬಂದಾಗ ಗುಹೆಗಳಿಂದ ತೇಲಿಬರುತ್ತಿದ್ದ ಇವನ್ನು ಕಂಡ ಹಳೆಯ ಜನ, ನೆಲದಡಿ ಡ್ರ್ಯಾಗನ್ ಇದೆ, ಇವು ಅದರ ಮರಿಗಳು ಎಂದು ನಂಬಿದ್ದರು. ಹಾಗೆಂದು 1689ರಲ್ಲೇ ವಾಲ್ವಾಸೋರ್ ಎಂಬ ವಿದ್ವಾಂಸ ಬರೆದಿಟ್ಟಿದ್ದಾನೆ. 2016ರಲ್ಲಿ ಈ ಗುಹೆಯ ತೊಟ್ಟಿಯಲ್ಲೇ ಮೊಟ್ಟೆಯೊಡೆದು ಮರಿಗಳು ಬಂದಾಗ ಜಗತ್ತೇ ಬಗ್ಗಿ ನೋಡಿತು.

ಹತ್ತಿರದಲ್ಲೇ ಪ್ರೆದ್ಯಾಮಾ ಕೋಟೆ, 123 ಮೀಟರಿನ ಬಂಡೆಯ ಬಾಯೊಳಗೆ ಹಲ್ಲಿನಂತೆ ಕೂತಿದೆ. ಹದಿನೈದನೇ ಶತಮಾನದ ಸರದಾರ ಎರಾಜೆಮ್ ವರ್ಷಕ್ಕೂ ಹೆಚ್ಚು ಕಾಲ ಮುತ್ತಿಗೆಗೆ ಬಗ್ಗದೆ, ಗುಹೆಯ ಗುಪ್ತದಾರಿಯಿಂದ ತಾಜಾ ಚೆರ್ರಿ ಹಣ್ಣು ತರಿಸಿ ಶತ್ರುಗಳ ಮೇಲೆ ಎಸೆಯುತ್ತಿದ್ದನಂತೆ! ಕೊನೆಗೆ ಆಳೊಬ್ಬ ಸುಳಿವು ಕೊಟ್ಟು, ಪಾಯಿಖಾನೆಯಲ್ಲಿದ್ದಾಗ ಗುಂಡು ಬಿದ್ದು ಸತ್ತನೆಂದು ಕಥೆ.

ಅಲ್ಲಿಂದಲೇ ನಾವು ತ್ಸೆರ್ಕ್ನಿತ್ಸಾಕ್ಕೆ ಹೋಗಿ ಹುಲ್ಲಿನ ನಡುವೆ ಪೆಚ್ಚಾಗಿ ನಿಂತದ್ದು. ಸರೋವರ ಹೀಗೇಕೆ ಬಂದು ಹೋಗುತ್ತದೆಂದು ವಿವರಿಸಲು ಹೊರಟ ಅದೇ ವಾಲ್ವಾಸೋರನನ್ನು ಲಂಡನ್ನಿನ ರಾಯಲ್ ಸೊಸೈಟಿ 1687ರಲ್ಲಿ ಸದಸ್ಯನನ್ನಾಗಿ ಆರಿಸಿತು. ಇಲ್ಲಿ ಮಾಯವಾದ ನೀರು ರಾಕ್ ಎಂಬ ಹೆಸರಿನಲ್ಲಿ ಏಳುತ್ತದೆ, ಮತ್ತೆ ಮುಳುಗಿ ಕತ್ತಲಲ್ಲೇ ಪಿವ್ಕಾವನ್ನು ಕೂಡುತ್ತದೆ, ಊನಿತ್ಸಾ ಆಗಿ ಹೊರಬಂದು ಮತ್ತೆ ಅಡಗುತ್ತದೆ, ಕೊನೆಗೆ ನಾವು ಕಾಫಿ ಕುಡಿದ ದಂಡೆಯ ಪಕ್ಕದಲ್ಲೇ ಹಾದುಹೋಗುತ್ತದೆ. “ಅಂದ್ರೆ ಅವತ್ತು ಅಲ್ಲಿ ನೋಡಿದ ಹೊಳೆ, ಇವತ್ತು ಇಲ್ಲಿ ಕಾಣಿಸದ ಸರೋವರ ಎರಡೂ ಒಂದೇ” ಎಂದು ಅಮ್ಮ ಹುಲ್ಲಿನ ಮೇಲೆ ಕೂತುಬಿಟ್ಟರು.

ಇಷ್ಟರ ಮೇಲೆ ಷ್ಕೋತ್ಸ್ಯಾನ್ ಗುಹೆಗಳು! 1986ರಿಂದ ಯುನೆಸ್ಕೊ ತಾಣ. ಪೋಸ್ತೊಯ್ನಾ ಒಡವೆಪೆಟ್ಟಿಗೆಯಾದರೆ ಇದು ಪಾತಾಳ. ನೆಲದಡಿಯ ಕಮರಿಯ ಮೇಲೆ ತೂಗುವ ಸೇತುವೆ, ಸುಮಾರು 45 ಮೀಟರು ಕೆಳಗೆ ರೇಕಾ ನದಿಯ ಭೋರ್ಗರೆತ, ಎದುರಿನ ಗೋಡೆಯಲ್ಲಿ ಮಿಣುಕು ದೀಪಗಳ ಸಾಲು. ಒಳಗಿನ ಮಾರ್ಟೆಲ್ ಕೋಣೆಯ ಎತ್ತರವೇ 146 ಮೀಟರು. ‘ರೇಕಾ’ ಎಂದರೆ ಬರೀ ‘ನದಿ’ ಎಂದರ್ಥ. ಅದು ಇಲ್ಲಿ ಮುಳುಗಿ, ಮೂವತ್ತಕ್ಕೂ ಹೆಚ್ಚು ಕಿಲೋಮೀಟರು ಕತ್ತಲಲ್ಲೇ ನಡೆದು, ಇಟಲಿಯ ನೆಲದಲ್ಲಿ ತಿಮಾವೊ ಎಂಬ ಹೆಸರು ಹೊತ್ತು ಎದ್ದು, ಕಡಲು ಸೇರುತ್ತದೆ. ವೀಸಾ ಕೇಳುವವರಿಲ್ಲ!

ನಮಗೆ ಮಾತ್ರ ವೀಸಾ ಬೇಕು. ಒಂದು ಷೆಂಗನ್ ವೀಸಾ ಸಾಕು, ನಾಣ್ಯ ಯೂರೊ. ಬಾಡಿಗೆ ಕಾರಿನಲ್ಲಿ ಹೆದ್ದಾರಿ ಹತ್ತುವ ಮುನ್ನ ವಿನ್ಯೆಟ್ ಎಂಬ ಸುಂಕ ಕಟ್ಟಿದೆಯೇ ಎಂದು ಕೇಳಿಕೊಳ್ಳಿ. ಚಳಿಗಾಲದಲ್ಲಿ ವರ್ಶಿಚ್ ಹಿಮದಲ್ಲಿ ಮುಚ್ಚಿರುತ್ತದೆ. ಗುಹೆಗಳಿಗೆ ಟಿಕೆಟ್ಟನ್ನು ಮೊದಲೇ ಕಾದಿರಿಸಿ, ಸ್ವೆಟರ್ ಮರೆಯಬೇಡಿ. ಇನ್ನೂ ದಿನವಿದ್ದರೆ 1580ರಿಂದ ಕುದುರೆ ಸಾಕುತ್ತಿರುವ ಲಿಪಿತ್ಸಾಕ್ಕೆ ಹೋಗಿ, ಕಪ್ಪಾಗಿ ಹುಟ್ಟಿ ಬೆಳೆಯುತ್ತ ಬೆಳ್ಳಗಾಗುವ ಕುದುರೆಗಳನ್ನು ನೋಡಿ. ಚಿತ್ರ ಬರೆದ ಹಳೆಯ ಜೇನುಪೆಟ್ಟಿಗೆಗಳ ಮುಂಬಾಗಿಲುಗಳನ್ನು ಕಾಪಿಟ್ಟಿರುವ ರದೊವ್ಲಿತ್ಸಾ ಕಡೆಗೆ, ನಾಲ್ಕು ಶತಮಾನ ಕಂಡ ದ್ರಾಕ್ಷಿಬಳ್ಳಿ ಇನ್ನೂ ಹಣ್ಣು ಬಿಡುವ ಮಾರಿಬೊರ್ ಕಡೆಗೆ ನಮಗೆ ಹೋಗಲಾಗಲಿಲ್ಲ.

ಕೊನೆಯ ಮಾಯ

ಕಡಲಿಗೆ ಬಂದೆವು. ಈ ದೇಶದ ಕರಾವಳಿ 47 ಕಿಲೋಮೀಟರು ಕೂಡ ಇಲ್ಲ, ಆದರೆ ಅದರ ತುದಿಯಲ್ಲಿ ಪಿರಾನ್ ಇದೆ! ವೆನಿಸ್ ಆಳಿದ ಊರು, ಕಡಲಿಗೆ ಚಾಚಿದ ಮೂಗಿನ ಮೇಲೆ ಕೆಂಪು ಹೆಂಚಿನ ಮನೆಗಳು ಒತ್ತಿಕೊಂಡಿವೆ, ಬೀದಿ ಫಲಕಗಳು ಸ್ಲೊವೇನಿಯನ್ ಮತ್ತು ಇಟಾಲಿಯನ್ ಎರಡರಲ್ಲೂ. ಚೌಕದಲ್ಲಿ 1692ರಲ್ಲಿ ಇಲ್ಲೇ ಹುಟ್ಟಿದ ಪಿಟೀಲು ವಾದಕ ತಾರ್ತೀನಿಯ ಪ್ರತಿಮೆ, ಅದರ ಸುತ್ತ ಸೈಕಲ್ ಸುತ್ತುವ ಮಕ್ಕಳು.

ಕೊನೆಯ ಸಂಜೆ ಪಕ್ಕದ ಸೆಚೋವ್ಲ್ಯೆ ಉಪ್ಪಿನಾಗರಗಳಿಗೆ ಹೋದೆವು. ಏಳು ಶತಮಾನಗಳಿಂದ ಇಲ್ಲಿ ಉಪ್ಪು ತೆಗೆಯುತ್ತಾರೆ, ಈಗಲೂ ಮರದ ಕುಂಟೆಗಳಿಂದ. ಮಡಿಗಳ ತಳಕ್ಕೆ ಪಾಚಿ, ಸೂಕ್ಷ್ಮಜೀವಿ, ಜಿಪ್ಸಮ್, ಜೇಡಿಗಳ ತೆಳು ಪದರವೊಂದನ್ನು ಬೆಳೆಸಿ ಜೋಪಾನ ಮಾಡುತ್ತಾರೆ, ಹೆಸರು ‘ಪೆತೊಲಾ’. ಉಪ್ಪಿಗೆ ಮಣ್ಣು ತಗಲದಂತೆ ಅದು ಹಾಸಿಗೆಯಾಗುತ್ತದೆ. ಸೂರ್ಯ ಮುಳುಗುತ್ತಿದ್ದ. ಮಡಿಗಳೆಲ್ಲ ತಾಮ್ರದ ತಟ್ಟೆ! ಸೋಚಾ ಹರಿದು ಸೇರಿದ ಕಡಲು ಇದು, ತಿಮಾವೊ ಕತ್ತಲಿನಿಂದ ಬಂದು ಸೇರಿದ ಕಡಲೂ ಇದೇ. ಎಂಟು ದಿನ ನೆಲದಡಿಗೆ ಇಳಿದು ಮಾಯವಾಗುವ ನೀರನ್ನು ನೋಡಿದ್ದೆವು. ಇಲ್ಲಿ ಅದು ಬಿಸಿಲಿಗೆ, ಮೇಲಕ್ಕೆ ಮಾಯವಾಗುತ್ತಿತ್ತು. ಈ ಸಲ ಮಾತ್ರ ಗುರುತು ಬಿಟ್ಟು ಹೋಗುತ್ತಿತ್ತು.

ಅಂಗಡಿಯ ಅಜ್ಜಿ ಉಪ್ಪಿನ ಹೂವಿನ ನಾಲ್ಕು ಹರಳನ್ನು ಅಮ್ಮನ ಅಂಗೈಗೆ ಹಾಕಿದರು. ಅಮ್ಮ ನಾಲಿಗೆಗಿಟ್ಟು ಕಣ್ಣು ಮುಚ್ಚಿದರು. ಗುಂಪಿನೊಂದಿಗೆ ಬಂದಿರಾ ಎಂದು ಅಜ್ಜಿ ಕೈಸನ್ನೆಯಲ್ಲಿ ಕೇಳಿದರು. ಉತ್ತರಕ್ಕೆ ನಾನು ಇಂಗ್ಲಿಷ್ ಹುಡುಕುತ್ತಿದ್ದೆ.

ಅಮ್ಮ ಉಪ್ಪಿನ ಕೈಯಿಂದಲೇ ನನ್ನ ಭುಜ ಮುಟ್ಟಿ, ತರಗತಿಯಲ್ಲಿ ಹೇಳಿಕೊಡುವ ಹಾಗೆ ಬಿಡಿಸಿ ಹೇಳಿದರು: “ಮಿದ್ವೆ.”